ಶಸ್ತ್ರಕ್ರಿಯೆ ಹೊಟ್ಟೆಗೆ, ಬದಲಾವಣೆ ಲಿವರಿನಲ್ಲಿ

ರಾತ್ರಿ ಎರಡು ಚಪಾತಿ ತಿಂದು ಮಲಗಿದ್ದು, ಬೆಳಿಗ್ಗೆ ಚಹಾ ಕೂಡ ಕುಡಿಯದೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟಿದ್ದು. ಆದರೂ ಫಾಸ್ಟಿಂಗ್ ಶುಗರ್ 170 ಬಂದದ್ದು ಹೇಗೆ? ಡೊಂಬಿವಲಿ, ಕಲ್ಯಾಣದ ಕಡೆ ಸಕ್ಕರೆ ಕಾಯಿಲೆಯವರಿರುವ ಮನೆಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಕೇಳುವವರು ಉತ್ತರವನ್ನು ಊಟದ ತಟ್ಟೆಯಲ್ಲಿ ಹುಡುಕುತ್ತಾರೆ: ಮೊನ್ನೆ ಮದುವೆಯಲ್ಲಿ ತಿಂದ ಹೋಳಿಗೆ, ಆಫೀಸಿನಲ್ಲಿ ಹಂಚಿದ ಪೇಡೆ. ನಿಜವಾದ ಉತ್ತರ ಇರುವುದು ಬಲಗಡೆಯ ಪಕ್ಕೆಲುಬುಗಳ ಕೆಳಗೆ, ಲಿವರಿನಲ್ಲಿ. ನಾವು ಏನೂ ತಿನ್ನದಿರುವ ಹೊತ್ತಿನಲ್ಲಿ ರಕ್ತಕ್ಕೆ ಸಕ್ಕರೆ ಬರುವುದು ಬಹುಪಾಲು ಅಲ್ಲಿಂದಲೇ.

ತೂಕ ಇಳಿಸುವ ಶಸ್ತ್ರಕ್ರಿಯೆಯಿಂದ ಸಕ್ಕರೆ ಕಾಯಿಲೆಯೂ ತಗ್ಗುತ್ತದೆ ಎಂಬ ಮಾತು ಈಗ ನಮ್ಮ ಕಡೆಗೂ ಬಂದಿದೆ. ಥಾಣೆಯ ಜುಪಿಟರ್, ಬೇಲಾಪುರದ ಅಪೋಲೊ ಮುಂತಾದ ದೊಡ್ಡ ಆಸ್ಪತ್ರೆಗಳಲ್ಲಿ ಬೇರಿಯಾಟ್ರಿಕ್ ಸರ್ಜರಿ ನಡೆಯುತ್ತದೆ. ಮಾಡಿಸಿಕೊಂಡವರ ಕತೆ ಸಂಬಂಧಿಕರ ಬಾಯಿಂದ ಬಾಯಿಗೆ ಹರಿದು, ಕಡೆಗೆ ‘ಹೊಟ್ಟೆ ಕತ್ತರಿಸಿದರು, ಶುಗರ್ ಹೋಯಿತು’ ಎಂಬಷ್ಟಕ್ಕೆ ಬಂದು ನಿಲ್ಲುತ್ತದೆ. ಆದರೆ ಕತ್ತರಿಸಿದ್ದು ಜಠರವನ್ನು. ಲಿವರನ್ನು ಯಾರೂ ಮುಟ್ಟಿಲ್ಲ. ತೂಕ ಇಳಿಯಲು ತಿಂಗಳುಗಳೇ ಬೇಕಾದರೆ ಫಾಸ್ಟಿಂಗ್ ಸಕ್ಕರೆ ವಾರದೊಳಗೆ ಇಳಿಯುವುದು ಯಾಕೆ? ಕಳೆದ ಮೂವತ್ತು ವರ್ಷಗಳ ಸಂಶೋಧನೆ ಬೆನ್ನು ಹತ್ತಿರುವುದು ಈ ಪ್ರಶ್ನೆಯನ್ನೇ. ಆ ಸಂಶೋಧನೆಯನ್ನೆಲ್ಲ ಒಟ್ಟಿಗೆ ಇಟ್ಟು ಓದಿದಾಗ ನನಗೆ ಒಂದು ಸಂಗತಿ ಖಚಿತವಾಗಿದೆ. ನೋಡಲು ಅಷ್ಟೇನೂ ದಪ್ಪವಿಲ್ಲದೆ ಹೊಟ್ಟೆಯೊಂದೇ ಮುಂದೆ ಬಂದಿರುವ ನಮ್ಮಂಥವರ ವಿಷಯದಲ್ಲಿ, ಒಟ್ಟು ತೂಕ ಎಷ್ಟು ಎಂಬುದಕ್ಕಿಂತ ಲಿವರಿನಲ್ಲಿ ಕೊಬ್ಬು ಎಷ್ಟು ಎಂಬುದೇ ದೊಡ್ಡ ಪ್ರಶ್ನೆ.

ಮೊದಲು ಲಿವರಿನ ಕೆಲಸವನ್ನು ನೋಡೋಣ. ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲುಕೋಸ್ ಬೇಕು, ಅದೂ ಒಂದು ನಿಮಿಷವೂ ತಪ್ಪದಂತೆ. ಉಂಡಾಗ ಕರುಳು ಹೀರಿಕೊಂಡ ಸಕ್ಕರೆ ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಲಿವರಿಗೆ ಬರುತ್ತದೆ. ಪ್ಯಾಂಕ್ರಿಯಾಸ್ ಬಿಡುವ ಇನ್ಸುಲಿನ್ ಕೂಡ ಅದೇ ದಾರಿಯಲ್ಲಿ ಬರುತ್ತದೆ. ಅದರಲ್ಲಿ ಸುಮಾರು ಅರ್ಧ ಭಾಗ ಮೊದಲ ಸುತ್ತಿನಲ್ಲೇ ಲಿವರಿನಲ್ಲಿ ಖರ್ಚಾಗಿಬಿಡುತ್ತದೆ. ಇನ್ಸುಲಿನ್ನಿನ ಆಜ್ಞೆಯಂತೆ ಲಿವರ್ ಸಕ್ಕರೆಯನ್ನು ಗ್ಲೈಕೋಜನ್ ಆಗಿ ಕೂಡಿಡುತ್ತದೆ, ಹೆಚ್ಚೆಂದರೆ ನೂರು ಗ್ರಾಮಿನ ಆಸುಪಾಸು. ರಾತ್ರಿ ಇನ್ಸುಲಿನ್ ಇಳಿದಾಗ ಆ ದಾಸ್ತಾನನ್ನು ಕರಗಿಸುತ್ತದೆ. ಜೊತೆಗೆ ಲ್ಯಾಕ್ಟೇಟ್, ಅಮೈನೋ ಆಮ್ಲ, ಗ್ಲಿಸರಾಲ್ ಮುಂತಾದವುಗಳಿಂದ ಹೊಸದಾಗಿ ಸಕ್ಕರೆ ತಯಾರಿಸುತ್ತದೆ. ಬೆಳಗಿನ ಜಾವದ ಹೊತ್ತಿಗೆ ಈ ಎರಡೂ ಮೂಲಗಳ ಪಾಲು ಹೆಚ್ಚುಕಡಿಮೆ ಸಮ ಸಮ. ಎಪ್ಪತ್ತು ಕಿಲೋ ತೂಕದ ಆರೋಗ್ಯವಂತರ ಲಿವರ್ ಗಂಟೆಗೆ ಸುಮಾರು 8 ಗ್ರಾಂ, ಅಂದರೆ ಎರಡು ಚಮಚೆಯಷ್ಟು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ.

ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಕೆಡುವುದು ಈ ಲೆಕ್ಕವೇ. ರಕ್ತದಲ್ಲಿ ಇನ್ಸುಲಿನ್ ಇರುತ್ತದೆ, ಎಷ್ಟೋ ಸಲ ಬೇಕಾದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಲಿವರ್ ಮಾತ್ರ ಅದರ ಮಾತು ಕೇಳುವುದಿಲ್ಲ. ರಾತ್ರಿಯಿಡೀ ಅಗತ್ಯ ಮೀರಿ ಸಕ್ಕರೆ ಬಿಡುತ್ತದೆ. ಉಂಡ ಮೇಲೆ ನಿಲ್ಲಿಸಬೇಕಾದಾಗಲೂ ಪೂರ್ತಿ ನಿಲ್ಲಿಸುವುದಿಲ್ಲ. ನಮ್ಮ ಮನೆಮನೆಯ ಔಷಧ ಡಬ್ಬಿಯಲ್ಲಿರುವ ಮೆಟ್‌ಫಾರ್ಮಿನ್ ಮಾತ್ರೆಯ ಮುಖ್ಯ ಕೆಲಸ ಈ ಉತ್ಪಾದನೆಯನ್ನು ತಗ್ಗಿಸುವುದು. ಹಾಗಿದ್ದರೆ ಲಿವರ್ ಕಿವುಡಾಗಿದ್ದು ಏಕೆ? ಬಹುಪಾಲು ಕೊಬ್ಬಿನಿಂದ. ಲಿವರಿನಲ್ಲಿ ಕೊಬ್ಬು ಶೇಕಡಾ 5ರ ಒಳಗಿರಬೇಕು. ಖರ್ಚಿಗಿಂತ ಉಂಡದ್ದು ವರ್ಷಗಟ್ಟಲೆ ಹೆಚ್ಚಾಗುತ್ತ ಹೋದರೆ, ಚರ್ಮದಡಿಯಲ್ಲಿ ಇನ್ನು ಜಾಗವಿಲ್ಲವೆನಿಸಿದಾಗ, ಕೊಬ್ಬು ಲಿವರಿನ ಜೀವಕೋಶಗಳಲ್ಲೇ ತುಂಬತೊಡಗುತ್ತದೆ. ಸೋನೋಗ್ರಫಿ ರಿಪೋರ್ಟಿನ ಕೊನೆಯ ಸಾಲಿನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದು ಬರೆದಿದ್ದನ್ನು ನಾವು ‘ಅದು ಎಲ್ಲರಿಗೂ ಇರುತ್ತೆ ಬಿಡಿ’ ಎಂದು ಮಡಚಿಡುತ್ತೇವಲ್ಲ, ಸಕ್ಕರೆ ಕಾಯಿಲೆಯ ಬೇರು ಅನೇಕರಲ್ಲಿ ಅದೇ ಸಾಲಿನಲ್ಲಿದೆ. ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಫ್ಯಾಟಿ ಲಿವರ್ ಇದೆ. ಎಲ್ಲರಿಗೂ ಇದೆ ಎನ್ನುವುದು ಸಮಾಧಾನದ ಮಾತಲ್ಲ, ಚಿಂತೆಯ ಮಾತು.

ಇನ್ನು ಶಸ್ತ್ರಕ್ರಿಯೆ. ಈಗ ಹೆಚ್ಚಾಗಿ ನಡೆಯುವುದು ಸ್ಲೀವ್: ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಸ್ಟೇಪ್ಲರಿನಿಂದ ಕತ್ತರಿಸಿ ತೆಗೆದು ಬಾಳೆಹಣ್ಣಿನಾಕಾರದ ಕೊಳವೆಯೊಂದನ್ನು ಉಳಿಸುತ್ತಾರೆ. ಎರಡನೆಯದು ಬೈಪಾಸ್: ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಉಂಡ ಅನ್ನ ಉಳಿದ ಜಠರವನ್ನೂ ಕರುಳಿನ ಆರಂಭವನ್ನೂ ಮುಟ್ಟದೆ ಕೆಳಗೆ ಹೋಗುತ್ತದೆ. ಬೈಪಾಸನ್ನು ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ 1966ರಲ್ಲಿ ಶುರುಮಾಡಿದ್ದು ತೂಕ ಇಳಿಸಲೆಂದು. ಸಕ್ಕರೆಯ ಸುದ್ದಿ ಆಗ ಯಾರ ಮನಸ್ಸಿನಲ್ಲೂ ಇರಲಿಲ್ಲ. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರಲ್ಲಿ ಸಕ್ಕರೆ ಕಾಯಿಲೆ ಹಗುರಾದದ್ದನ್ನು 1955ರಲ್ಲೇ ವೈದ್ಯರು ಬರೆದಿಟ್ಟಿದ್ದರು. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಗಮನ ಸೆಳೆದದ್ದು 1995ರ ವರದಿ. ನಾರ್ತ್ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ವಾಲ್ಟರ್ ಪೋರಿಸ್ ಮತ್ತು ಸಂಗಡಿಗರು ಬೈಪಾಸ್ ಮಾಡಿದ 608 ಜನರಲ್ಲಿ 146 ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಅವರಲ್ಲಿ 121 ಜನರ ಸಕ್ಕರೆ ಸಹಜ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ತೂಕ ಸರಿಯಾಗಿ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ, ಇನ್ಸುಲಿನ್ ಬಿಡಬೇಕಾಗಿ ಬಂದವರೂ ಇದ್ದರು.

ಆ ಕೆಲವೇ ದಿನಗಳಲ್ಲಿ ಬದಲಾದದ್ದು ದೇಹದ ಯಾವ ಅಂಗ? ಇದನ್ನು ಅಳೆಯುವುದು ಸುಲಭವಲ್ಲ. ಬೆರಳು ಚುಚ್ಚಿ ನೋಡಿದರೆ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಗೊತ್ತಾಗುತ್ತದೆಯೇ ಹೊರತು ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಗೊತ್ತಾಗುವುದಿಲ್ಲ. ಅದಕ್ಕಾಗಿ ಸಂಶೋಧಕರು ಕ್ಲಾಂಪ್ ಎಂಬ ದೀರ್ಘ ಪರೀಕ್ಷೆ ಮಾಡುತ್ತಾರೆ. ರಾತ್ರಿ ಉಪವಾಸವಿದ್ದವರನ್ನು ಬೆಳಿಗ್ಗೆ ಮಂಚದ ಮೇಲೆ ಮಲಗಿಸಿ ಒಂದು ಕೈಗೆ ಗುರುತು ಹಚ್ಚಿದ ಗ್ಲುಕೋಸನ್ನು ಹನಿಹನಿಯಾಗಿ ಬಿಡುತ್ತಾರೆ. ಅದರ ಕೆಲವು ಹೈಡ್ರೋಜನ್ ಪರಮಾಣುಗಳ ಜಾಗದಲ್ಲಿ ತುಸು ಭಾರವಾದ ಡ್ಯೂಟೀರಿಯಂ ಇರುತ್ತದೆ, ದೇಹಕ್ಕೆ ಅದರಿಂದ ತೊಂದರೆಯಿಲ್ಲ. ಆಮೇಲೆ ಇನ್ಸುಲಿನ್ ಹರಿಸಿ, ಸಕ್ಕರೆ ಇಳಿಯದಂತೆ ಮಾಮೂಲಿ ಗ್ಲುಕೋಸನ್ನೂ ಹರಿಸುತ್ತ, ಇನ್ನೊಂದು ಕೈಯಿಂದ ಐದೈದು ನಿಮಿಷಕ್ಕೊಮ್ಮೆ ರಕ್ತ ತೆಗೆದು ಮಟ್ಟವನ್ನು ಒಂದೇ ಕಡೆ ಹಿಡಿದು ನಿಲ್ಲಿಸುತ್ತಾರೆ. ಹೊರಗಿನಿಂದ ಕೊಟ್ಟದ್ದು ಎಷ್ಟೆಂದು ಲೆಕ್ಕವಿದೆ. ಗುರುತಿನ ಸಕ್ಕರೆ ಎಷ್ಟು ತೆಳುವಾಗಿದೆಯೋ ಅದರಿಂದ ಒಳಗಿನ ಮೂಲ, ಅಂದರೆ ಮುಖ್ಯವಾಗಿ ಲಿವರ್, ಎಷ್ಟು ಸೇರಿಸಿತು ಎಂದು ತಿಳಿಯುತ್ತದೆ. ಗಂಟೆಗಟ್ಟಲೆ ಹಿಡಿಯುವ ಈ ಪರೀಕ್ಷೆಗೆ ಶಸ್ತ್ರಕ್ರಿಯೆಯಾಗಿ ಒಂದೇ ವಾರವಾದವರು ಒಪ್ಪಿ ಮಲಗಿದ್ದರಿಂದಲೇ ನಮಗೆ ಮುಂದಿನ ಉತ್ತರ ಸಿಕ್ಕಿದೆ.

ಕೋಪನ್‌ಹೇಗನ್ನಿನ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಹತ್ತು ಜನ, ಕಾಯಿಲೆಯಿಲ್ಲದ ಹತ್ತು ಜನ ಇದ್ದರು. ಬೈಪಾಸಿನ ಮೊದಲು, ಒಂದು ವಾರಕ್ಕೆ, ಮೂರು ತಿಂಗಳಿಗೆ, ಒಂದು ವರ್ಷಕ್ಕೆ ಪರೀಕ್ಷೆ ನಡೆಯಿತು. ಒಂದು ವಾರಕ್ಕೆ ಸುಧಾರಿಸಿದ್ದು ಲಿವರ್. ಇನ್ಸುಲಿನ್ ಕೊಟ್ಟಾಗ ಅದು ಸಕ್ಕರೆ ಬಿಡುವುದನ್ನು ಮೊದಲಿಗಿಂತ ಚೆನ್ನಾಗಿ ತಗ್ಗಿಸಿತು. ಮಾಂಸಖಂಡಗಳು ಮಾತ್ರ ಹಳೆಯ ಸ್ಥಿತಿಯಲ್ಲೇ ಇದ್ದವು. ಅವು ಇನ್ಸುಲಿನ್ನಿಗೆ ಓಗೊಟ್ಟದ್ದು ತೂಕ ಸಾಕಷ್ಟು ಇಳಿದ ಮೇಲೆ, ಮೂರನೇ ತಿಂಗಳಲ್ಲಿ. ಅಂದರೆ ಚೇತರಿಕೆಗೆ ಒಂದು ಸರದಿ ಇದೆ, ಲಿವರ್ ಮೊದಲು, ಮಾಂಸಖಂಡ ಆಮೇಲೆ. ಅದೇ ವರ್ಷ ಫಿನ್ಲೆಂಡಿನ ಟುರ್ಕುವಿನ ಸಂಶೋಧಕರು ಪೆಟ್ ಸ್ಕ್ಯಾನ್ ಮೂಲಕ ಪ್ರಶ್ನೆಯ ಇನ್ನೊಂದು ಬದಿಯನ್ನು ನೋಡಿದರು. ಲಿವರ್ ಸಕ್ಕರೆ ಬಿಡುವುದಷ್ಟೇ ಅಲ್ಲ, ತೆಗೆದುಕೊಳ್ಳಲೂ ಬೇಕಲ್ಲ. ಅತಿ ತೂಕದವರ ಲಿವರ್ ಇನ್ಸುಲಿನ್ ಇದ್ದಾಗಲೂ ಸಕ್ಕರೆಯನ್ನು ಸರಿಯಾಗಿ ಎಳೆದುಕೊಳ್ಳುತ್ತಿರಲಿಲ್ಲ; ಶಸ್ತ್ರಕ್ರಿಯೆಯಾಗಿ ಆರು ತಿಂಗಳಿಗೆ ಅದು ಸುಧಾರಿಸಿತ್ತು, ಲಿವರಿನ ಕೊಬ್ಬೂ ಕರಗಿತ್ತು. ಬೆಳಗಿನ ಫಾಸ್ಟಿಂಗ್ ಅಂಕಿ ಮೊದಲು ಇಳಿಯುವುದಕ್ಕೂ ಊಟದ ನಂತರದ ಅಂಕಿ ಎಷ್ಟೋ ಜನರಲ್ಲಿ ನಿಧಾನವಾಗಿ ನೆಲೆಗೊಳ್ಳುವುದಕ್ಕೂ ಈ ಸರದಿಯಲ್ಲಿ ಅರ್ಥ ಸಿಗುತ್ತದೆ.

ಇಲ್ಲಿಂದ ಮುಂದೆ ವಿದ್ವಾಂಸರು ಎರಡು ಪಕ್ಷವಾದರು. ಒಂದು ಪಕ್ಷದ ವಾದ, ಕರುಳಿನ ದಾರಿ ಬದಲಾದದ್ದರಿಂದಲೇ ಲಿವರ್ ಬದಲಾಯಿತು ಎಂದು. ಅವರ ಕೈಯಲ್ಲಿ ಬಲವಾದ ಸಂಗತಿಗಳೇ ಇದ್ದವು. ಬೈಪಾಸಿನ ನಂತರ ಅರೆಜೀರ್ಣವಾದ ಆಹಾರ ಕರುಳಿನ ಕೆಳಭಾಗಕ್ಕೆ ಬೇಗ ತಲುಪುವುದರಿಂದ ಊಟವಾದೊಡನೆ ಜಿಎಲ್‌ಪಿ-1 ಹಾರ್ಮೋನು ಹಲವು ಪಟ್ಟು ಏರುತ್ತದೆ. ಅದು ಇನ್ಸುಲಿನ್ ಹೊರಡಿಸುತ್ತದೆ, ಹಸಿವು ತಗ್ಗಿಸುತ್ತದೆ. ಪಿತ್ತರಸದ ಆಮ್ಲಗಳ ಸಂಚಾರ ಬದಲಾಗುತ್ತದೆ. ಪಿತ್ತ ಆಮ್ಲಗಳನ್ನು ಗುರುತಿಸುವ ಎಫ್‌ಎಕ್ಸ್‌ಆರ್ ಎಂಬ ಗ್ರಾಹಕವನ್ನು ಕಿತ್ತುಹಾಕಿದ ಇಲಿಗಳಲ್ಲಿ ಸ್ಲೀವ್ ಶಸ್ತ್ರಕ್ರಿಯೆಯ ಪ್ರಯೋಜನ ತೀರ ಕುಗ್ಗಿದ್ದನ್ನು 2014ರಲ್ಲಿ ತೋರಿಸಲಾಯಿತು. ಕರುಳು ತಾನೇ ಸಕ್ಕರೆ ತಯಾರಿಸಿ ಪೋರ್ಟಲ್ ರಕ್ತನಾಳಕ್ಕೆ ಬಿಟ್ಟು, ಅದರ ಸುಳಿವು ಮಿದುಳಿಗೆ ಮುಟ್ಟಿ, ಲಿವರ್ ತನ್ನ ಉತ್ಪಾದನೆ ತಗ್ಗಿಸುತ್ತದೆ ಎಂಬ ವಾದವೂ ಫ್ರಾನ್ಸಿನಿಂದ 2008ರಲ್ಲಿ ಬಂತು. ಅದೂ ಇಲಿಗಳ ಮೇಲಿನ ಪ್ರಯೋಗ.

ಇನ್ನೊಂದು ಪಕ್ಷದ ವಾದ ಬಹಳ ಸರಳ. ಶಸ್ತ್ರಕ್ರಿಯೆಯಾದ ಮೊದಲ ವಾರ ರೋಗಿ ತಿನ್ನುವುದಾದರೂ ಎಷ್ಟು? ಬಟ್ಟಲು ತಿಳಿಸಾರು, ಎಳನೀರು, ಗುಟುಕು ಗುಟುಕಾಗಿ ಮಜ್ಜಿಗೆ. ಅಷ್ಟು ಕಡಿಮೆ ಕ್ಯಾಲೊರಿಯಲ್ಲಿ ಯಾರ ಲಿವರ್ ತಾನೇ ಸುಧಾರಿಸುವುದಿಲ್ಲ? ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ರಾಯ್ ಟೇಲರ್ ಇದನ್ನು ಶಸ್ತ್ರಕ್ರಿಯೆ ಇಲ್ಲದೆಯೇ ಪರೀಕ್ಷಿಸಿದರು. ಸಕ್ಕರೆ ಕಾಯಿಲೆಯ 11 ಜನರಿಗೆ ಎಂಟು ವಾರ ದಿನಕ್ಕೆ ಸುಮಾರು 600 ಕ್ಯಾಲೊರಿ ಮಾತ್ರ ಕೊಟ್ಟರು. 2011ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಒಂದೇ ವಾರದಲ್ಲಿ ಫಾಸ್ಟಿಂಗ್ ಸಕ್ಕರೆಯ ಸರಾಸರಿ 166ರಿಂದ 106ಕ್ಕೆ ಇಳಿಯಿತು, ಲಿವರಿನ ಕೊಬ್ಬಿನಲ್ಲಿ ಶೇಕಡಾ 30ರಷ್ಟು ಕರಗಿತು. ಎಂಟು ವಾರ ಮುಗಿಯುವಾಗ ಲಿವರಿನಲ್ಲಿದ್ದ ಕೊಬ್ಬು ಶೇಕಡಾ 12.8ರಿಂದ 2.9ಕ್ಕೆ ಬಂದಿತ್ತು. ಲಿವರಿನ ಕೊಬ್ಬು ಪ್ಯಾಂಕ್ರಿಯಾಸಿಗೂ ಹರಿದು ಇನ್ಸುಲಿನ್ ತಯಾರಿಸುವ ಕೋಶಗಳನ್ನು ಮಂಕು ಮಾಡುತ್ತದೆ ಎಂಬ ತಮ್ಮ ಊಹೆಯನ್ನು ಟೇಲರ್ 2008ರಲ್ಲೇ ಮುಂದಿಟ್ಟಿದ್ದರು. ಎಂಟು ವಾರಗಳಲ್ಲಿ ಆ ಕೋಶಗಳೂ ಮೆಲ್ಲಗೆ ಎಚ್ಚೆತ್ತಿದ್ದು ಕಂಡಿತು.

ಎರಡೂ ವಾದಗಳನ್ನು ನೇರಾನೇರ ತೂಗಿ ನೋಡಿದ್ದು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಕ್ಲೈನ್ ತಂಡ. ಸಕ್ಕರೆ ಕಾಯಿಲೆಯ 11 ಜನ ಬೈಪಾಸಿನಿಂದ, 11 ಜನ ಬರೀ ಪಥ್ಯದಿಂದ, ಹೀಗೆ ಎರಡೂ ಗುಂಪಿನವರು ತಮ್ಮ ತೂಕದ ಶೇಕಡಾ 18ರಷ್ಟನ್ನು ಇಳಿಸಿಕೊಂಡ ಮೇಲೆ ಅವರನ್ನು ಅದೇ ಕ್ಲಾಂಪ್ ಪರೀಕ್ಷೆಗೆ ಒಳಪಡಿಸಿದರು. 2020ರಲ್ಲಿ ಬಂದ ಉತ್ತರ ಕರುಳಿನ ಪಕ್ಷದವರಿಗೆ ಹಿತವಾಗಿರಲಿಲ್ಲ: ಲಿವರ್ ಇನ್ಸುಲಿನ್ನಿಗೆ ಓಗೊಡುವ ಗುಣ ಎರಡೂ ಗುಂಪಿನಲ್ಲಿ ಒಂದೇ ಸಮ ಸುಧಾರಿಸಿತ್ತು. ಪಿತ್ತ ಆಮ್ಲ, ಕರುಳಿನ ಸೂಕ್ಷ್ಮಜೀವಿಗಳು ಬೈಪಾಸಿನವರಲ್ಲಿ ಬೇರೆ ರೀತಿ ಬದಲಾಗಿದ್ದವು ನಿಜ. ಲಿವರಿಗೆ ಅದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಹಾಗಾದರೆ ಶಸ್ತ್ರಕ್ರಿಯೆ ಏಕೆ, ಉಪವಾಸವೇ ಸಾಲದೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯಲ್ಲಿ ಹಸಿವೆಯ ಅನುಭವವೇ ಇಲ್ಲ ಎಂದು ನನಗೆ ಅನಿಸುತ್ತದೆ. ಶೇಕಡಾ 18ರಷ್ಟು ತೂಕವನ್ನು ಪಥ್ಯದಿಂದ ಇಳಿಸಿದವರು ಸಂಶೋಧಕರ ನೆರವಿನಲ್ಲಿದ್ದವರು. ಮನೆಯಲ್ಲಿ, ಸಂತೆಯಲ್ಲಿ, ಹಬ್ಬದಲ್ಲಿ ಬದುಕುವ ಮನುಷ್ಯನ ದೇಹ ಇಳಿದ ತೂಕವನ್ನು ಮರಳಿ ಪಡೆಯಲು ಹಸಿವೆಯನ್ನೇ ಆಯುಧ ಮಾಡಿಕೊಳ್ಳುತ್ತದೆ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ಪಥ್ಯದಿಂದ ಕಾಯಿಲೆ ಹಿಮ್ಮೆಟ್ಟಿದವರು ಮೊದಲ ವರ್ಷ ಶೇಕಡಾ 46, ಎರಡನೇ ವರ್ಷ 36. ಕರುಳಿನ ಹಾರ್ಮೋನುಗಳ ಮಹತ್ವ ಇಲ್ಲಿದೆ. ಅವು ಲಿವರನ್ನು ನೇರವಾಗಿ ರಿಪೇರಿ ಮಾಡುವುದಕ್ಕಿಂತ, ಕಡಿಮೆ ತಿಂದೂ ನೆಮ್ಮದಿಯಾಗಿರುವಂತೆ ಮಾಡುತ್ತವೆ. ಊಟದ ನಂತರದ ಇನ್ಸುಲಿನ್ನನ್ನು ಚುರುಕುಗೊಳಿಸುತ್ತವೆ. ಎರಡು ಪಕ್ಷಗಳೂ ಒಂದೇ ಸಂಗತಿಯ ಬೇರೆ ಬೇರೆ ತುದಿಯನ್ನು ಹಿಡಿದಿದ್ದವು.

ಲಿವರಿನ ಸ್ವಭಾವ ತೀರ ಸ್ಪಷ್ಟವಾಗಿ ಕಾಣುವುದು ಶಸ್ತ್ರಕ್ರಿಯೆಗೂ ಮುಂಚಿನ ಎರಡು ವಾರಗಳಲ್ಲಿ. ಜಠರವನ್ನು ತಲುಪಬೇಕಾದರೆ ಅದರ ಮೇಲೆ ಒರಗಿರುವ ಲಿವರಿನ ಎಡ ಭಾಗವನ್ನು ಲೋಹದ ಸಲಕರಣೆಯಿಂದ ಮೇಲಕ್ಕೆತ್ತಿ ಹಿಡಿಯಬೇಕು. ಕೊಬ್ಬಿದ ಲಿವರ್ ದೊಡ್ಡದಾಗಿ, ಹಳದಿಗೆ ತಿರುಗಿ, ಮುಟ್ಟಿದರೆ ಹರಿದು ರಕ್ತ ಬರುವಂತಿರುತ್ತದೆ. ಅದಕ್ಕೇ ಹೆಚ್ಚಿನ ಸರ್ಜನ್ನರು ರೋಗಿಯನ್ನು ಎರಡು ವಾರ ಮೊದಲೇ ಪ್ರೋಟೀನ್ ಶೇಕ್, ಸೂಪು, ಮಜ್ಜಿಗೆಯ ಕಟ್ಟುನಿಟ್ಟಿನ ಪಥ್ಯಕ್ಕೆ ಹಾಕುತ್ತಾರೆ. ಲಿವರ್ ಕಣ್ಣಿಗೆ ಕಾಣುವಷ್ಟು ಕುಗ್ಗುತ್ತದೆ. ಫಾಸ್ಟಿಂಗ್ ಸಕ್ಕರೆ ಆಗಲೇ ಇಳಿಯತೊಡಗುತ್ತದೆ, ಚಾಕು ಮೈಗೆ ತಾಗುವ ಮೊದಲೇ. ಈ ಎರಡು ವಾರ ಔಷಧದ ವಿಷಯದಲ್ಲಿ ಎಚ್ಚರ ಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನ ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ಶುಗರ್ ಅಪಾಯಕಾರಿಯಾಗಿ ಕೆಳಗಿಳಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಶಸ್ತ್ರಕ್ರಿಯೆಗೆ ಕನಿಷ್ಠ 3 ದಿನ ಮೊದಲು ನಿಲ್ಲಿಸಲೇಬೇಕು. ಇಲ್ಲದಿದ್ದರೆ ಸಕ್ಕರೆ ಸಹಜವಾಗಿ ಕಾಣುತ್ತಿರುವಾಗಲೇ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಬರುವ ಸಂಭವವಿದೆ. ತೂಕ ಇಳಿಸುವ ಸರ್ಜನ್ ಒಂದು ಕಡೆ, ಶುಗರ್ ನೋಡುವ ಡಾಕ್ಟರ್ ಇನ್ನೊಂದು ಕಡೆ ಇದ್ದು, ಇಬ್ಬರ ನಡುವೆ ಮಾತುಕತೆ ಇಲ್ಲದಿದ್ದರೆ ಇಂಥ ಸೂಕ್ಷ್ಮಗಳು ಕೈತಪ್ಪುತ್ತವೆ. ಡೊಂಬಿವಲಿಯಲ್ಲಿ ಫ್ಯಾಮಿಲಿ ಡಾಕ್ಟರ್, ಬೇಲಾಪುರದಲ್ಲೋ ಥಾಣೆಯಲ್ಲೋ ಸರ್ಜನ್ ಎಂಬಂತಿರುವ ನಮ್ಮಲ್ಲಿ ರೋಗಿಯ ಮನೆಯವರೇ ಔಷಧದ ಪಟ್ಟಿ ಹಿಡಿದು ಇಬ್ಬರಿಗೂ ತೋರಿಸಬೇಕು.

ಈಗ ನಮ್ಮ ಮೈಕಟ್ಟಿನ ಮಾತು. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲಂಡನ್ನಿನ ಸ್ನೇಹಿತ ಜಾನ್ ಯುಡ್ಕಿನ್ ಜೊತೆ ನಿಂತ ಒಂದು ಫೋಟೊ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 22.3, ಚುಕ್ಕಿಯೂ ಹೆಚ್ಚುಕಡಿಮೆ ಇಲ್ಲ. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರಲ್ಲಿ 21.2. ಭಾರತೀಯರು ಕಡಿಮೆ ತೂಕದಲ್ಲೇ ಮೈಯಲ್ಲಿ ಹೆಚ್ಚು ಕೊಬ್ಬು ಕೂಡಿಡುತ್ತಾರೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನಾನು ಕಂಡಿಲ್ಲ. ಬೆಳಿಗ್ಗೆ ಲೋಕಲ್ ಹಿಡಿದು ರಾತ್ರಿ ಒಂಬತ್ತರ ಮೇಲೆ ಮನೆ ಸೇರಿ ಹತ್ತಕ್ಕೆ ಅನ್ನ ಸಾರು ಉಂಡು ಮಲಗುವ ನೌಕರರು, ಶಟರ್ ಎಳೆದ ಮೇಲೆ ನಡುರಾತ್ರಿ ಉಣ್ಣುವ ನಮ್ಮ ಹೋಟೆಲಿನವರು, ಇವರಲ್ಲಿ ಎಷ್ಟೋ ಜನ ಎದುರಿಗೆ ನಿಂತರೆ ತೆಳ್ಳಗೇ ಕಾಣುತ್ತಾರೆ. ಪಕ್ಕದಿಂದ ನೋಡಿದರೆ ಶರ್ಟಿನ ಗುಂಡಿ ಬೇರೆ ಕತೆ ಹೇಳುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 13.6 ಕೋಟಿ ಜನರಿಗೆ ಅದರ ಹೊಸ್ತಿಲ ಸ್ಥಿತಿ ಇದೆ ಎಂದಿತು.

ಇಂಥವರಿಗೆ ಶಸ್ತ್ರಕ್ರಿಯೆ ಎಷ್ಟು ತೂಕದಿಂದ ಸೂಕ್ತ? ಪಶ್ಚಿಮದ ಹಳೆಯ ನಿಯಮ ಬಿಎಂಐ 40, ಕಾಯಿಲೆಗಳಿದ್ದರೆ 35. ಸಕ್ಕರೆ ಹತೋಟಿಗೆ ಬಾರದ ಏಷ್ಯನ್ನರಿಗೆ 27.5ರಿಂದಲೇ ಯೋಚಿಸಬಹುದು ಎಂದು 2016ರಲ್ಲಿ ಮಧುಮೇಹ ಸಂಸ್ಥೆಗಳ ಜಂಟಿ ಹೇಳಿಕೆ ಬಂತು. ಅದಕ್ಕೂ ಮೊದಲೇ ಪುಣೆಯ ಶಶಾಂಕ್ ಶಾ ಅವರ ತಂಡ 35ಕ್ಕಿಂತ ಕಡಿಮೆ ಬಿಎಂಐನ 15 ಭಾರತೀಯ ಮಧುಮೇಹಿಗಳಿಗೆ ಬೈಪಾಸ್ ಮಾಡಿ, ಅವರೆಲ್ಲ ಔಷಧದಿಂದ ಹೊರಬಂದದ್ದನ್ನು 2010ರಲ್ಲಿ ವರದಿ ಮಾಡಿತ್ತು. ಮುಂಬಯಿಯ ಮುಫಜಲ್ ಲಕ್ಡಾವಾಲಾ ಅವರ ತಂಡ 30ರಿಂದ 35ರ ನಡುವಿನವರನ್ನು ಐದು ವರ್ಷ ಹಿಂಬಾಲಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಾಯಿಲೆ ಹಿಮ್ಮೆಟ್ಟಿಯೇ ಇತ್ತು. ಆದರೆ ಆರೋಗ್ಯ ವಿಮೆಯ ನಿಯಮ ಇಂದಿಗೂ ಹಳೆಯ ಅಂಕಿಗಳಲ್ಲೇ ನಿಂತಿದೆ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ರೂಪಿಸಿದ ಷರತ್ತಿನಂತೆ ಬಿಎಂಐ 40 ಇರಬೇಕು, ಅಥವಾ 35ರ ಜೊತೆ ಹತೋಟಿಗೆ ಬಾರದ ಟೈಪ್ 2 ಸಕ್ಕರೆ ಕಾಯಿಲೆಯಂಥ ಗಂಭೀರ ತೊಂದರೆ ಇರಬೇಕು. 31 ಬಿಎಂಐನಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವ ಕಲ್ಯಾಣದ ನಿವೃತ್ತ ನೌಕರನಿಗೆ ವೈದ್ಯಶಾಸ್ತ್ರ ಬಾಗಿಲು ತೆರೆದಿದೆ, ವಿಮೆ ಮುಚ್ಚಿದೆ. ಭಾರತೀಯರ ದೇಹದ ಬಗ್ಗೆ ಭಾರತದ್ದೇ ಸಂಶೋಧನೆ ಇರುವಾಗ ಈ ಷರತ್ತು ಹೀಗೇ ಉಳಿದಿರುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಹಿಮ್ಮೆಟ್ಟಿದ್ದು ಎಂದೆ, ಗುಣವಾದದ್ದು ಎನ್ನಲಿಲ್ಲ. ಔಷಧವಿಲ್ಲದೆ ಮೂರು ತಿಂಗಳಾದರೂ, ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.5ರ ಕೆಳಗಿದ್ದರೆ ಅದನ್ನು ಹಿಮ್ಮೆಟ್ಟಿದ ಸ್ಥಿತಿ ಎಂದು 2021ರಿಂದ ತಜ್ಞರು ಒಪ್ಪಿದ್ದಾರೆ. ಆ ಸ್ಥಿತಿ ಎಲ್ಲರಲ್ಲೂ ಉಳಿಯುವುದಿಲ್ಲ. ಸ್ವೀಡನ್ನಿನ ದೀರ್ಘ ಅಧ್ಯಯನದಲ್ಲಿ ಎರಡನೇ ವರ್ಷ ಶೇಕಡಾ 72 ಇದ್ದದ್ದು ಹದಿನೈದನೇ ವರ್ಷಕ್ಕೆ 30ಕ್ಕೆ ಬಂತು. ಕ್ಲೀವ್‌ಲೆಂಡಿನ ಸ್ಟಾಂಪೀಡ್ ಪ್ರಯೋಗ ಇನ್ನೂ ಬಿಗಿಯಾದ ಗುರಿ ಇಟ್ಟುಕೊಂಡಿತ್ತು, ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕಡಿಮೆ. ಐದು ವರ್ಷಕ್ಕೆ ಅದನ್ನು ಮುಟ್ಟಿದವರು ಬೈಪಾಸಿನಲ್ಲಿ ಶೇಕಡಾ 29, ಸ್ಲೀವಿನಲ್ಲಿ 23, ಬರೀ ಔಷಧದಲ್ಲಿ 5. ಕಾಯಿಲೆ ಬಂದು ಹೆಚ್ಚು ವರ್ಷವಾಗಿರದವರಿಗೆ, ಇನ್ಸುಲಿನ್ ಇನ್ನೂ ಶುರುವಾಗಿರದವರಿಗೆ ಫಲ ಹೆಚ್ಚು. ಕಾರಣ ಊಹಿಸಬಹುದು: ಲಿವರ್ ಒಂದು ವಾರದಲ್ಲಿ ತಿದ್ದಿಕೊಳ್ಳುತ್ತದೆ, ಇಪ್ಪತ್ತು ವರ್ಷ ದಣಿದ ಪ್ಯಾಂಕ್ರಿಯಾಸಿನ ಕೋಶಗಳು ಅಷ್ಟು ಸುಲಭಕ್ಕೆ ಏಳುವುದಿಲ್ಲ.

ಸಕ್ಕರೆಯಾಚೆಗೂ ಲಿವರಿಗೆ ಲಾಭವಿದೆ. ಉರಿಯೂತಕ್ಕೆ ತಿರುಗಿದ ಫ್ಯಾಟಿ ಲಿವರ್ ಇದ್ದ 288 ಜನರ ಮೇಲೆ ಇಟಲಿಯಲ್ಲಿ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ವರ್ಷದ ಬಳಿಕ ಬಯಾಪ್ಸಿಯಲ್ಲಿ ಆ ಉರಿಯೂತ ಮಾಯವಾದದ್ದು ಬೈಪಾಸಿನಲ್ಲಿ ಶೇಕಡಾ 56, ಸ್ಲೀವಿನಲ್ಲಿ 57, ಜೀವನಶೈಲಿಯ ಸಲಹೆ ಮತ್ತು ಆರೈಕೆಯಲ್ಲಿ 16. ಆದರೆ ಇದೇ ಲಿವರನ್ನು ಶಸ್ತ್ರಕ್ರಿಯೆ ಕೆಡಿಸಿದ ಚರಿತ್ರೆಯೂ ಇದೆ, ಅದನ್ನು ಮುಚ್ಚಿಡಬಾರದು. 1950ರ ದಶಕದಿಂದ ಎರಡು ದಶಕ ನಡೆದ ಜೆಜುನೊಇಲಿಯಲ್ ಬೈಪಾಸಿನಲ್ಲಿ ಸಣ್ಣ ಕರುಳಿನ ಬಹುಭಾಗವನ್ನೇ ಬಳಕೆಯಿಂದ ಹೊರಗಿಡುತ್ತಿದ್ದರು. ಪ್ರೋಟೀನ್ ಕೊರತೆ, ಸೂಕ್ಷ್ಮಜೀವಿಗಳ ವಿಷಗಳಿಂದ ಹಲವರ ಲಿವರ್ ಕುಸಿಯಿತು, ಸಾವುಗಳೂ ಆದವು. ಆ ವಿಧಾನವನ್ನು ಕೈಬಿಡಲಾಯಿತು. ಇಂದಿನ ಸ್ಲೀವ್, ಬೈಪಾಸ್ ಬಹಳ ಸುರಕ್ಷಿತ. ಆದರೂ ಸಿರೋಸಿಸ್ ಆಗಲೇ ಶುರುವಾಗಿರುವವರಲ್ಲಿ ಅಪಾಯ ಹೆಚ್ಚು, ಅದನ್ನು ಮೊದಲೇ ಪತ್ತೆ ಮಾಡಬೇಕು. ಬೈಪಾಸಾದವರಲ್ಲಿ ಮದ್ಯ ಬಹಳ ಬೇಗ ರಕ್ತಕ್ಕೆ ಏರುತ್ತದೆ, ಚಟಕ್ಕೆ ಬೀಳುವ ಸಂಭವವೂ ಹೆಚ್ಚುತ್ತದೆ. ಚೇತರಿಸಿಕೊಂಡ ಲಿವರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇರಿಲ್ಲ. ಊಟವಾಗಿ ಎರಡು ಮೂರು ಗಂಟೆಗೆ ಸಕ್ಕರೆ ತಟ್ಟನೆ ಕುಸಿದು ಬೆವರು, ನಡುಕ ಬರುವ ತೊಂದರೆ ಕೆಲವರಿಗೆ ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳು ಜೀವನಪರ್ಯಂತ. ಅನ್ನ, ಇಡ್ಲಿ, ಅವಲಕ್ಕಿಯೇ ಮುಖ್ಯವಾದ ಸಸ್ಯಾಹಾರಿ ಮನೆಗಳಲ್ಲಿ ದಿನಕ್ಕೆ 60 ಗ್ರಾಂ ಪ್ರೋಟೀನ್ ಮುಟ್ಟಿಸುವುದು ಹೇಳಿದಷ್ಟು ಸುಲಭವಲ್ಲ. ಮೊಳಕೆ ಕಾಳು, ಪನೀರ್, ಸೋಯಾ, ಮೊಸರನ್ನು ತಟ್ಟೆಯಲ್ಲಿ ಮೊದಲು ಮುಗಿಸಿ ಅನ್ನಕ್ಕೆ ಆಮೇಲೆ ಕೈಹಾಕಬೇಕು.

2025ರಲ್ಲಿ ಟಿರ್ಜೆಪಟೈಡ್, ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದ ಮೇಲೆ ಶಸ್ತ್ರಕ್ರಿಯೆಯ ಅಗತ್ಯವೇ ಇಲ್ಲವೆಂಬ ಮಾತು ಹುಟ್ಟಿದೆ. ಈ ಮದ್ದುಗಳೂ ಹಸಿವು ತಗ್ಗಿಸಿ, ಲಿವರಿನ ಕೊಬ್ಬು ಕರಗಿಸಿಯೇ ಕೆಲಸ ಮಾಡುತ್ತವೆ. ನಿಲ್ಲಿಸಿದರೆ ತೂಕದ ಜೊತೆ ಕೊಬ್ಬೂ ಬಹುಮಟ್ಟಿಗೆ ಮರಳುತ್ತದೆ. ಯಾರಿಗೆ ಚುಚ್ಚುಮದ್ದು, ಯಾರಿಗೆ ಶಸ್ತ್ರಕ್ರಿಯೆ, ಯಾರಿಗೆ ಪಥ್ಯವೇ ಸಾಕು ಎಂಬುದನ್ನು ತೀರ್ಮಾನಿಸಲು ಮೊದಲು ಲಿವರಿನ ಸ್ಥಿತಿ ಗೊತ್ತಿರಬೇಕು. ನಮ್ಮ ಕನ್ನಡ ಸಂಘಗಳು ಡೊಂಬಿವಲಿ, ಥಾಣೆ, ನವಿಮುಂಬಯಿಯಲ್ಲಿ ಆರೋಗ್ಯ ಶಿಬಿರ ಮಾಡುವಾಗ ಬಿಪಿ, ಶುಗರ್, ಕಣ್ಣು ನೋಡಿ ಕಳಿಸುತ್ತವೆ. ಅದರ ಜೊತೆಗೆ ಒಂದು ಅಳತೆ ಟೇಪು ಸಾಕು: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದರೆ ಲಿವರಿನ ಬಗ್ಗೆ ವಿಚಾರಿಸಬೇಕು. ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಎಣಿಕೆ ಎಲ್ಲ ಲ್ಯಾಬುಗಳಲ್ಲೂ ಆಗುವ ಪರೀಕ್ಷೆಗಳು. ಈ ಮೂರು ಅಂಕಿ ಮತ್ತು ವಯಸ್ಸು ಸೇರಿಸಿ ಫಿಬ್-4 ಎಂಬ ಲೆಕ್ಕ ಹಾಕಿದರೆ ಲಿವರಿನಲ್ಲಿ ಗಾಯದ ನಾರು ಬೆಳೆದಿರುವ ಸಂಶಯ ಇದೆಯೇ ಎಂದು ಫ್ಯಾಮಿಲಿ ಡಾಕ್ಟರೇ ನಿಮಿಷದಲ್ಲಿ ಹೇಳಬಲ್ಲರು. ಶಸ್ತ್ರಕ್ರಿಯೆ ಮಾಡಿಸಿಕೊಂಡು ಸಕ್ಕರೆ ಸಹಜವಾದವರೂ ವರ್ಷಕ್ಕೊಮ್ಮೆ ಎಚ್‌ಬಿಎ1ಸಿ, ಕಣ್ಣಿನ ರೆಟಿನಾ, ಕಿಡ್ನಿ, ಬಿ12 ಪರೀಕ್ಷೆ ತಪ್ಪಿಸಬಾರದು. ತೂಕ ಐದಾರು ಕಿಲೋ ಮರಳಿದ ವರ್ಷ ಫಾಸ್ಟಿಂಗ್ ಅಂಕಿ ಮೇಲಕ್ಕೆ ಸರಿದಿದ್ದರೆ, ಮುಂದಿನ ವರ್ಷದ ತನಕ ಕಾಯದೆ ಸರ್ಜನ್ನರ ಬಳಿಗೂ ಶುಗರ್ ಡಾಕ್ಟರ ಬಳಿಗೂ ಹೋಗಬೇಕು.